ಲಿಂಕ್ಡ್‌ಇನ್‌ನಲ್ಲಿ ಯಾರನ್ನಾದರೂ ಬ್ಲಾಕ್ ಮಾಡಬೇಕೇ? ಬಟನ್ ಒತ್ತುವ ಮುನ್ನ ಈ ಸೆಟ್ಟಿಂಗ್‌ಗಳನ್ನು ಒಮ್ಮೆ ನೋಡಿ

ಫೇಸ್‌ಬುಕ್‌ನಲ್ಲಿ ಯಾರದ್ದೋ ಪ್ರೊಫೈಲ್‌ಗೆ ಹೋಗಿ ಹತ್ತು ವರ್ಷ ಹಿಂದಿನ ಫೋಟೊವರೆಗೂ ನೋಡಿ ಬಂದರೂ ಅವರಿಗೆ ಸುಳಿವು ಸಿಗುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹಾಗಲ್ಲ. ನೀವು ಒಬ್ಬರ ಪ್ರೊಫೈಲ್ ತೆರೆದರೆ, ನಿಮ್ಮ ಸೆಟ್ಟಿಂಗ್ ಬದಲಿಸದೆ ಇದ್ದಲ್ಲಿ, ನಿಮ್ಮ ಹೆಸರು, ಫೋಟೊ, ಹುದ್ದೆ ಸಮೇತ 'ಇವರು ನಿಮ್ಮ ಪ್ರೊಫೈಲ್ ನೋಡಿದ್ದಾರೆ' ಎಂಬ ಸುದ್ದಿ ಆ ಕಡೆಗೆ ಹೋಗಬಹುದು.

ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಇಂಟರ್ನ್‌ಶಿಪ್ ವೇಳೆ ಪರಿಚಯವಾಗಿದ್ದ ಒಬ್ಬರ ಮೆಸೇಜ್‌ಗಳು ನಾನು ಅಲ್ಲಿಂದ ಬಂದ ಮೇಲೂ ನಿಲ್ಲಲಿಲ್ಲ. 'ಹೊಸ ಕೆಲಸ ಹೇಗಿದೆ' ಎಂದು ಶುರುವಾಗಿದ್ದು 'ಪಿಜಿ ಯಾವ ಏರಿಯಾದಲ್ಲಿ' ಎನ್ನುವವರೆಗೆ ಬಂತು. ಬ್ಲಾಕ್ ಮಾಡಿಬಿಡೋಣ ಎಂದು ಅವರ ಪ್ರೊಫೈಲ್ ತೆರೆದೆ. ಬ್ಲಾಕ್ ಬಟನ್ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ, ನಾಳೆ ನೋಡೋಣ ಎಂದು ಮಲಗಿದೆ. ಬೆಳಗ್ಗೆ ಎದ್ದರೆ ಅವರದ್ದೇ ಮೆಸೇಜ್: 'ನನ್ನ ಪ್ರೊಫೈಲ್ ನೋಡಿದ್ರಂತೆ?'

ಹಾಗಾಗಿ ಈ ಲೇಖನದಲ್ಲಿ ಬ್ಲಾಕ್ ಮಾಡುವುದು ಹೇಗೆ ಎನ್ನುವುದಕ್ಕಿಂತ ಮೊದಲು, ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದನ್ನು ಹೇಳುತ್ತಿದ್ದೇವೆ. ಬಟನ್ ಒತ್ತುವುದು ಒಂದು ನಿಮಿಷದ ಕೆಲಸ. ಅದಕ್ಕೂ ಮುನ್ನ ಮಾಡಬೇಕಾದ ಕೆಲಸಗಳೇ ಹೆಚ್ಚು.

ಲಿಂಕ್ಡ್‌ಇನ್‌ನಲ್ಲಿ ಅಪಾಯ ಯಾಕೆ ಬೇರೆ?

2003ರ ಮೇ ತಿಂಗಳಲ್ಲಿ ಶುರುವಾದ ಲಿಂಕ್ಡ್‌ಇನ್ ಈಗ ಮೈಕ್ರೋಸಾಫ್ಟ್ ಒಡೆತನದಲ್ಲಿದೆ. 2016ರಲ್ಲಿ 26.2 ಶತಕೋಟಿ ಡಾಲರ್‌ಗೆ ಖರೀದಿ ನಡೆದಿತ್ತು. ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು ಸದಸ್ಯರಿದ್ದು, ಅಮೆರಿಕ ಬಿಟ್ಟರೆ ಅತಿ ಹೆಚ್ಚು ಸದಸ್ಯರಿರುವುದು ಭಾರತದಲ್ಲೇ, 10 ಕೋಟಿಗೂ ಅಧಿಕ. ಇಷ್ಟು ದೊಡ್ಡ ಜಾಲತಾಣದಲ್ಲಿ 2014ರ ಫೆಬ್ರವರಿಯವರೆಗೂ ಒಬ್ಬ ಸದಸ್ಯ ಇನ್ನೊಬ್ಬರನ್ನು ಬ್ಲಾಕ್ ಮಾಡುವ ಸೌಲಭ್ಯವೇ ಇರಲಿಲ್ಲ ಎಂದರೆ ನಂಬಲು ಕಷ್ಟ. ಕಿರುಕುಳಕ್ಕೆ ಒಳಗಾದ ಮಹಿಳೆಯೊಬ್ಬರು ಅಮೆರಿಕದಲ್ಲಿ ಆನ್‌ಲೈನ್ ಮನವಿ ಶುರು ಮಾಡಿ, ಅದಕ್ಕೆ ಸಾವಿರಾರು ಜನ ಸಹಿ ಹಾಕಿದ ನಂತರವಷ್ಟೇ ಅದು ಬಂತು. 'ಇದು ವೃತ್ತಿಪರರ ತಾಣ, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ' ಎಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು.

ಅಸಲಿಗೆ ಅಪಾಯ ಇರುವುದೇ ಅಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಅಡ್ಡಹೆಸರು ಇಟ್ಟುಕೊಂಡು, ಖಾತೆಯನ್ನು ಪ್ರೈವೇಟ್ ಮಾಡಿ ಇರಬಹುದು. ಲಿಂಕ್ಡ್‌ಇನ್‌ನಲ್ಲಿ ನಿಜವಾದ ಹೆಸರು, ಓದಿದ ಕಾಲೇಜು, ಪಾಸಾದ ವರ್ಷ, ಈಗಿನ ಕಂಪನಿ, ಇರುವ ಊರು ಎಲ್ಲವನ್ನೂ ನಾವೇ ತುಂಬಿಸಿಕೊಟ್ಟಿರುತ್ತೇವೆ. ಹುಬ್ಬಳ್ಳಿ ಅಥವಾ ಮಂಗಳೂರಿನಿಂದ ಪುಣೆಗೋ ಹೈದರಾಬಾದ್‌ಗೋ ಹೋಗಿ ಒಬ್ಬರೇ ಬಾಡಿಗೆ ಮನೆಯಲ್ಲಿರುವವರನ್ನು ನೆನೆಸಿಕೊಳ್ಳಿ. 'ಹಿಂಜೆವಾಡಿ' ಅಥವಾ 'ಹೈಟೆಕ್ ಸಿಟಿ' ಎಂದು ಪ್ರೊಫೈಲ್‌ನಲ್ಲಿ ಕಂಡರೆ, ಸಂಜೆ ಯಾವ ಗೇಟ್ ಬಳಿ ಕಾಯಬೇಕು ಎಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ಕೆಲಸ: ನಿಮ್ಮ ಹೆಜ್ಜೆಗುರುತು ಮರೆಮಾಡಿ

ಬ್ಲಾಕ್ ಮಾಡಲು ಆ ವ್ಯಕ್ತಿಯ ಪ್ರೊಫೈಲ್‌ಗೆ ಹೋಗಲೇಬೇಕಾಗುತ್ತದೆ. ಹೋಗುವ ಮುನ್ನ 'ಪ್ರೈವೇಟ್ ಮೋಡ್' ಆನ್ ಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಾದರೆ ಮೇಲ್ಭಾಗದಲ್ಲಿರುವ 'ಮಿ' ಮೇಲೆ, ಮೊಬೈಲ್ ಆ್ಯಪ್‌ನಲ್ಲಾದರೆ ಎಡಗಡೆ ಮೇಲಿರುವ ನಿಮ್ಮ ಫೋಟೊ ಮೇಲೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ವಿಸಿಬಿಲಿಟಿ' ಎಂಬ ವಿಭಾಗದಲ್ಲಿ 'ಪ್ರೊಫೈಲ್ ವ್ಯೂಯಿಂಗ್ ಆಪ್ಷನ್ಸ್' ಇರುತ್ತದೆ.

ಮೂರು ಆಯ್ಕೆಗಳಿವೆ. ಮೊದಲನೆಯದರಲ್ಲಿ ಹೆಸರು, ಹುದ್ದೆ ಎಲ್ಲವೂ ಕಾಣುತ್ತದೆ. ಎರಡನೆಯದರಲ್ಲಿ ಹೆಸರು ಇಲ್ಲದಿದ್ದರೂ 'ಇಂಥ ಕ್ಷೇತ್ರದ ಒಬ್ಬರು', 'ಇಂಥ ಕಂಪನಿಯ ಒಬ್ಬರು' ಎಂಬಂಥ ಸುಳಿವು ಉಳಿಯುತ್ತದೆ. ಸಣ್ಣ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇದು ಹೆಸರು ಹೇಳಿದಷ್ಟೇ ಸಲೀಸು. ಮೂರನೆಯದೇ ಪೂರ್ತಿ ಪ್ರೈವೇಟ್. ಎದುರಿನವರು ಪ್ರೀಮಿಯಂಗೆ ಹಣ ಕಟ್ಟಿದ್ದರೂ ಪ್ರೈವೇಟ್ ಮೋಡ್‌ನಲ್ಲಿ ಬಂದವರ ಹೆಸರು ಅವರಿಗೆ ಸಿಗುವುದಿಲ್ಲ.

ಇದಕ್ಕೊಂದು ಬೆಲೆ ಇದೆ. ಉಚಿತ ಖಾತೆ ಇರುವವರು ಪ್ರೈವೇಟ್ ಮೋಡ್‌ಗೆ ಹೋದರೆ ತಮ್ಮ ಪ್ರೊಫೈಲ್ ಯಾರು ನೋಡಿದರು ಎಂಬ ಪಟ್ಟಿಯೂ ಅವರಿಗೆ ಕಾಣುವುದಿಲ್ಲ. ಕೆಲಸ ಹುಡುಕುತ್ತಿರುವವರಿಗೆ ಆ ಪಟ್ಟಿ ಬೇಕಾಗುತ್ತದೆ, ಯಾವ ಕಂಪನಿಯ ಎಚ್‌ಆರ್ ಬಂದು ಹೋದರು ಎಂದು ತಿಳಿಯಲು. ಮದುವೆ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಂತೂ ಜಾತಕಕ್ಕಿಂತ ಮೊದಲು ಲಿಂಕ್ಡ್‌ಇನ್ ನೋಡುವ ಕಾಲ ಇದು, ಹಾಗಾಗಿ ಯಾರು ನೋಡಿದರು ಎಂಬ ಕುತೂಹಲ ಎಲ್ಲರಿಗೂ ಸಹಜ. ಬ್ಲಾಕ್ ಮಾಡುವಾಗ ಮಾತ್ರ ಪ್ರೈವೇಟ್ ಮಾಡಿಕೊಂಡು, ಆಮೇಲೆ ಬೇಕಿದ್ದರೆ ಹಳೆಯ ಸ್ಥಿತಿಗೆ ತನ್ನಿ. ಮೊದಲೇ ನೋಡಿ ಬಂದ ಪ್ರೊಫೈಲ್‌ಗಳಿಗೆ ಇದು ಅನ್ವಯಿಸುವುದಿಲ್ಲ ಎನ್ನುವುದು ನೆನಪಿರಲಿ.

ಎರಡನೆಯದು: ಸಾಕ್ಷ್ಯ ತೆಗೆದಿಟ್ಟುಕೊಳ್ಳಿ

ಸುಮ್ಮನೆ ಕಿರಿಕಿರಿ ಮಾಡುವ ಮಾರಾಟ ಪ್ರತಿನಿಧಿಯಾದರೆ ಈ ಭಾಗ ಬೇಕಿಲ್ಲ. ಆದರೆ ಬೆದರಿಕೆ, ಅಶ್ಲೀಲ ಮೆಸೇಜ್, ಬೆನ್ನು ಬಿಡದ ಕಾಟ ಇದ್ದರೆ ಬ್ಲಾಕ್ ಮಾಡುವ ಮುನ್ನವೇ ಸ್ಕ್ರೀನ್‌ಶಾಟ್ ತೆಗೆಯಿರಿ. ಮೆಸೇಜ್‌ನ ದಿನಾಂಕ, ಸಮಯ ಕಾಣುವಂತಿರಲಿ. ಆ ವ್ಯಕ್ತಿಯ ಪ್ರೊಫೈಲ್ ವಿಳಾಸವನ್ನು, ಅಂದರೆ ಬ್ರೌಸರ್ ಮೇಲ್ಭಾಗದಲ್ಲಿ ಕಾಣುವ ಪೂರ್ತಿ ಲಿಂಕ್ ಅನ್ನು, ಕಾಪಿ ಮಾಡಿ ಬೇರೆ ಕಡೆ ಇಡಿ. ಬ್ಲಾಕ್ ಮಾಡಿದ ಮೇಲೆ ನಿಮ್ಮ ಖಾತೆಯಿಂದ ಅವರ ಪ್ರೊಫೈಲ್ ನಿಮಗೂ ತೆರೆಯುವುದಿಲ್ಲ. ಒಂದೇ ಹೆಸರಿನ ನೂರಾರು ಜನ ಇರುವ ಜಾಗದಲ್ಲಿ ಹೆಸರೊಂದನ್ನೇ ಹಿಡಿದುಕೊಂಡು ಠಾಣೆಗೆ ಹೋದರೆ ಪ್ರಯೋಜನ ಕಡಿಮೆ.

ಮಹಿಳೆಯರು ಇನ್ನೊಂದು ವಿಷಯ ಗಮನಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹಿಂಬಾಲಿಸಿ ಪೀಡಿಸುವುದನ್ನು ಅಪರಾಧ ಎನ್ನುತ್ತದೆ. ಮಹಿಳೆ ತನಗೆ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಪುರುಷನೊಬ್ಬ ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸುವುದು, ಆಕೆಯ ಇಂಟರ್‌ನೆಟ್ ಬಳಕೆ ಮೇಲೆ ಕಣ್ಣಿಡುವುದು ಎರಡೂ ಇದರಡಿ ಬರುತ್ತವೆ. ಮೊದಲ ಬಾರಿ ಸಾಬೀತಾದರೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು ಹಾಗೂ ದಂಡ. ಇಲ್ಲಿ 'ಸ್ಪಷ್ಟವಾಗಿ ತಿಳಿಸಿದ ಮೇಲೂ' ಎಂಬ ಮಾತಿಗೆ ತೂಕ ಇದೆ. ಏನೂ ಹೇಳದೆ ಸೀದಾ ಬ್ಲಾಕ್ ಮಾಡುವ ಬದಲು, ಪರಿಸ್ಥಿತಿ ಅಪಾಯಕಾರಿ ಅಲ್ಲದಿದ್ದರೆ, 'ದಯವಿಟ್ಟು ಇನ್ನು ನನಗೆ ಮೆಸೇಜ್ ಮಾಡಬೇಡಿ' ಎಂದು ಒಂದೇ ಸಾಲು ಕಳುಹಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡುವುದು ಒಳ್ಳೆಯದು. ನಾಳೆ ಇನ್ನೊಂದು ನಂಬರ್‌ನಿಂದಲೋ ಬೇರೆ ಖಾತೆಯಿಂದಲೋ ಮತ್ತೆ ಬಂದರೆ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಬ್ಲಾಕ್ ಮಾಡಿದ ವ್ಯಕ್ತಿ ನಿಮ್ಮ ಹಳೆಯ ಮ್ಯಾನೇಜರ್ ಆಗಿದ್ದು, ನಿಮಗೆ 'ರೆಕಮೆಂಡೇಶನ್' ಬರೆದುಕೊಟ್ಟಿದ್ದರೆ ಅದೂ ಪ್ರೊಫೈಲ್‌ನಿಂದ ಹೋಗುತ್ತದೆ. ಅವರು ಕೊಟ್ಟ ಎಂಡಾರ್ಸ್‌ಮೆಂಟ್‌ಗಳೂ ಹೋಗುತ್ತವೆ. ಆ ಬರಹ ಮುಂದೆ ಬೇಕಾಗಬಹುದು ಎನಿಸಿದರೆ ಕಾಪಿ ಮಾಡಿಟ್ಟುಕೊಳ್ಳಿ.

ಈಗ ಬ್ಲಾಕ್ ಮಾಡಿ

ಆ ವ್ಯಕ್ತಿಯ ಪ್ರೊಫೈಲ್ ತೆರೆದು, ಹೆಸರಿನ ಕೆಳಗಿರುವ 'ಮೋರ್' ಒತ್ತಿ (ಆ್ಯಪ್‌ನಲ್ಲಿ ಮೂರು ಚುಕ್ಕಿ). ಅದರಲ್ಲಿ 'ರಿಪೋರ್ಟ್ ಅಥವಾ ಬ್ಲಾಕ್' ಎಂದು ಒಟ್ಟಿಗೇ ಇರುತ್ತದೆ. ನಾನು ಅಂದು ಹುಡುಕಿ ಸೋತಿದ್ದು ಇದನ್ನೇ. ಬ್ಲಾಕ್ ಆರಿಸಿ ಖಚಿತಪಡಿಸಿದರೆ ಮುಗಿಯಿತು.

ಎದುರಿನವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ. ನೀವಿಬ್ಬರೂ ಕನೆಕ್ಷನ್ ಆಗಿದ್ದರೆ ಅದು ಕಡಿದುಹೋಗುತ್ತದೆ. ಒಬ್ಬರ ಪ್ರೊಫೈಲ್, ಪೋಸ್ಟ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಮೆಸೇಜ್ ಕಳುಹಿಸಲಾಗುವುದಿಲ್ಲ, ಪ್ರೊಫೈಲ್ ನೋಡಿದವರ ಪಟ್ಟಿಯಿಂದಲೂ ಪರಸ್ಪರ ಹೆಸರು ಹೋಗುತ್ತದೆ, 'ನಿಮಗೆ ಗೊತ್ತಿರಬಹುದಾದವರು' ಎಂದು ತೋರಿಸುವುದೂ ನಿಲ್ಲುತ್ತದೆ.

ಬ್ಲಾಕ್ ಮಾಡಿದವರ ಪಟ್ಟಿ 'ವಿಸಿಬಿಲಿಟಿ' ವಿಭಾಗದಲ್ಲೇ 'ಬ್ಲಾಕಿಂಗ್' ಎಂಬ ಹೆಸರಲ್ಲಿ ಸಿಗುತ್ತದೆ, ಅಲ್ಲಿಂದಲೇ ಅನ್‌ಬ್ಲಾಕ್ ಮಾಡಬಹುದು. ಆದರೆ ಒಂದು ಎಚ್ಚರಿಕೆ: ಅನ್‌ಬ್ಲಾಕ್ ಮಾಡಿದರೆ ಅದೇ ವ್ಯಕ್ತಿಯನ್ನು ಮತ್ತೆ ಬ್ಲಾಕ್ ಮಾಡಲು 48 ಗಂಟೆ ಕಾಯಬೇಕು. 'ಈಗೇನು ಮಾಡ್ತಿದ್ದಾರೋ ಒಮ್ಮೆ ನೋಡಿ ಮತ್ತೆ ಬ್ಲಾಕ್ ಮಾಡಿದರಾಯಿತು' ಎಂದುಕೊಂಡರೆ ಎರಡು ದಿನ ಬಾಗಿಲು ತೆರೆದಿಟ್ಟಂತೆ. ಅನ್‌ಬ್ಲಾಕ್ ಮಾಡಿದ ಮಾತ್ರಕ್ಕೆ ಹಳೆಯ ಕನೆಕ್ಷನ್ ತಾನಾಗಿ ವಾಪಸ್ ಬರುವುದೂ ಇಲ್ಲ.

ಬ್ಲಾಕ್ ಮತ್ತು ರಿಪೋರ್ಟ್ ಬೇರೆ ಬೇರೆ ಎನ್ನುವುದನ್ನೂ ಹಲವರು ಮರೆಯುತ್ತಾರೆ. ಬ್ಲಾಕ್ ಮಾಡಿದರೆ ನಿಮಗೆ ಮಾತ್ರ ನೆಮ್ಮದಿ. ಆ ಖಾತೆ ಇನ್ನೊಬ್ಬರನ್ನು ಕಾಡುತ್ತಿದ್ದರೆ ಅದು ಸಂಸ್ಥೆಯ ಗಮನಕ್ಕೆ ಬರಬೇಕಾದರೆ ರಿಪೋರ್ಟ್ ಕೂಡ ಮಾಡಬೇಕು.

ಬ್ಲಾಕ್ ಆದವರಿಗೂ ಕಾಣುವ ಕಿಟಕಿ

ಇಷ್ಟೆಲ್ಲ ಮಾಡಿದ ಮೇಲೂ ಆ ವ್ಯಕ್ತಿ ನಿಮ್ಮ ಪ್ರೊಫೈಲ್ ನೋಡಬಹುದು! ಹೇಗೆ ಗೊತ್ತೇ? ಲಿಂಕ್ಡ್‌ಇನ್‌ನಿಂದ ಲಾಗ್ ಔಟ್ ಆಗಿ, ಗೂಗಲ್‌ನಲ್ಲಿ ನಿಮ್ಮ ಹೆಸರು ಮತ್ತು ಕಂಪನಿ ಹೆಸರು ಹಾಕಿ ಹುಡುಕಿದರೆ ಸಾಕು. ಬ್ಲಾಕ್ ಕೆಲಸ ಮಾಡುವುದು ಖಾತೆಯಿಂದ ಖಾತೆಗೆ. ಲಾಗಿನ್ ಆಗದೆ ಬಂದವರು ಯಾರು ಎಂದು ಲಿಂಕ್ಡ್‌ಇನ್‌ಗೆ ಗೊತ್ತಾಗುವುದಾದರೂ ಹೇಗೆ? ಅವರಿಗೆ ನಿಮ್ಮ 'ಪಬ್ಲಿಕ್ ಪ್ರೊಫೈಲ್' ತೆರೆದುಕೊಳ್ಳುತ್ತದೆ.

ನಮ್ಮ ಪ್ರಕಾರ ಇಡೀ ಸೆಟ್ಟಿಂಗ್ಸ್‌ನಲ್ಲಿ ಅತಿ ಮುಖ್ಯವಾದದ್ದು, ಅತಿ ಕಡಿಮೆ ಜನ ಮುಟ್ಟುವುದು ಇದನ್ನೇ. 'ವಿಸಿಬಿಲಿಟಿ'ಯಲ್ಲಿ 'ಎಡಿಟ್ ಯುವರ್ ಪಬ್ಲಿಕ್ ಪ್ರೊಫೈಲ್' ಒತ್ತಿದರೆ ಬೇರೊಂದು ಪುಟ ತೆರೆಯುತ್ತದೆ. ಅಲ್ಲಿ ಪಬ್ಲಿಕ್ ಪ್ರೊಫೈಲ್ ಅನ್ನು ಪೂರ್ತಿ ಆಫ್ ಮಾಡಬಹುದು. ಪೂರ್ತಿ ಬೇಡ ಎಂದರೆ ಫೋಟೊ, ಈಗಿನ ಕೆಲಸ, ಹಳೆಯ ಕೆಲಸ, ಓದು ಹೀಗೆ ಒಂದೊಂದನ್ನೇ ಮರೆಮಾಡಬಹುದು. ಹೆಸರು, ಕ್ಷೇತ್ರ ಮಾತ್ರ ಬಿಟ್ಟು ಈಗಿನ ಕಂಪನಿ ಹಾಗೂ ಫೋಟೊ ಮರೆಮಾಡಿದರೆ ಕೆಲಸ ಹುಡುಕುವವರಿಗೂ ಹೆಚ್ಚು ನಷ್ಟವಿಲ್ಲ, ಏಕೆಂದರೆ ನೇಮಕಾತಿ ಮಾಡುವವರು ಹುಡುಕುವುದು ಹೆಚ್ಚಾಗಿ ಲಾಗಿನ್ ಆಗಿಯೇ.

ಫೋಟೊ ಯಾರಿಗೆ ಕಾಣಬೇಕು ಎಂಬುದಕ್ಕೂ ಪ್ರತ್ಯೇಕ ಆಯ್ಕೆ ಇದೆ: ನೇರ ಕನೆಕ್ಷನ್‌ಗಳಿಗೆ ಮಾತ್ರ, ನಿಮ್ಮ ನೆಟ್‌ವರ್ಕ್‌ಗೆ, ಎಲ್ಲ ಸದಸ್ಯರಿಗೆ ಅಥವಾ ಎಲ್ಲರಿಗೂ. ಪೂರ್ತಿ ಹೆಸರಿನ ಬದಲು ಹೆಸರು ಮತ್ತು ಸರ್‌ನೇಮ್‌ನ ಮೊದಲ ಅಕ್ಷರ ಮಾತ್ರ ತೋರಿಸುವ ಸೌಲಭ್ಯವೂ ಇದೆ.

ಬದಲಾವಣೆ ಮಾಡಿದ ತಕ್ಷಣ ಗೂಗಲ್‌ನಿಂದ ಮಾಯವಾಗುವುದಿಲ್ಲ, ಕೆಲ ದಿನ ಅಥವಾ ಕೆಲ ವಾರ ಬೇಕಾಗಬಹುದು. ಇಷ್ಟರಲ್ಲಿ ಬೇರೆಯವರು ಎತ್ತಿಕೊಂಡು ಹೋದ ಮಾಹಿತಿ ವಾಪಸ್ ಬರುವುದೂ ಇಲ್ಲ. 2021ರಲ್ಲಿ ಸುಮಾರು 70 ಕೋಟಿ ಸದಸ್ಯರ ಮಾಹಿತಿ ಮಾರಾಟಕ್ಕಿದೆ ಎಂಬ ಜಾಹೀರಾತು ಹ್ಯಾಕರ್‌ಗಳ ಫೋರಂನಲ್ಲಿ ಕಾಣಿಸಿಕೊಂಡಾಗ, ಇದು ಒಳಗೆ ನುಗ್ಗಿ ಕದ್ದದ್ದಲ್ಲ, ಪ್ರೊಫೈಲ್‌ಗಳಲ್ಲಿ ಕಾಣುವ ಮಾಹಿತಿಯನ್ನೇ ಯಂತ್ರದ ಮೂಲಕ ಬಾಚಿಕೊಂಡದ್ದು ಎಂಬುದು ಲಿಂಕ್ಡ್‌ಇನ್ ಕೊಟ್ಟ ವಿವರಣೆಯಾಗಿತ್ತು. ಸಮಾಧಾನ ಹೇಳಿದ್ದೋ ಎಚ್ಚರಿಸಿದ್ದೋ ಓದುಗರೇ ನಿರ್ಧರಿಸಬೇಕು.

ಎರಡನೇ ದಾರಿ ನಿಮ್ಮ ಫೋನ್ ನಂಬರ್ ಮತ್ತು ಇಮೇಲ್. ಅವುಗಳಿಂದ ನಿಮ್ಮ ಖಾತೆ ಹುಡುಕಲು ಯಾರಿಗೆ ಅವಕಾಶ ಇರಬೇಕು ಎಂಬ ಎರಡು ಆಯ್ಕೆಗಳು 'ವಿಸಿಬಿಲಿಟಿ'ಯಲ್ಲಿವೆ, ಎರಡನ್ನೂ 'ನೋಬಡಿ' ಎಂದು ಮಾಡಿ. ಇಮೇಲ್ ವಿಳಾಸ ಯಾರಿಗೆ ಕಾಣಬೇಕು ಎಂಬುದನ್ನೂ ನಿಮಗೆ ಮಾತ್ರ ಎಂದು ಬದಲಿಸಿ. ಸಂಜೆ ಎಷ್ಟು ಗಂಟೆಗೆ ಆನ್‌ಲೈನ್ ಇದ್ದೀರಿ ಎಂದು ಹೇಳುವ ಹಸಿರು ಚುಕ್ಕಿಯನ್ನು 'ಆ್ಯಕ್ಟಿವ್ ಸ್ಟೇಟಸ್'ನಲ್ಲಿ ಆಫ್ ಮಾಡಬಹುದು.

ಮೂರನೆಯದು ಪರಿಚಿತರು. ಹೊಸ ನಕಲಿ ಖಾತೆ ತೆರೆದು, ನಿಮ್ಮ ನಾಲ್ಕು ಸ್ನೇಹಿತರನ್ನು ಸೇರಿಸಿಕೊಂಡು ನಿಮಗೆ ರಿಕ್ವೆಸ್ಟ್ ಕಳುಹಿಸುವುದು ಹಳೆಯ ತಂತ್ರ. 'ಹತ್ತು ಜನ ಮ್ಯೂಚುವಲ್ ಇದ್ದಾರಲ್ಲ' ಎಂದು ಒಪ್ಪಿಕೊಂಡುಬಿಡುತ್ತೇವೆ. ನಿಮ್ಮ ಕನೆಕ್ಷನ್‌ಗಳ ಪಟ್ಟಿ ನಿಮಗೆ ಮಾತ್ರ ಕಾಣುವಂತೆ ಮಾಡಿದರೆ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಸಂಪರ್ಕಿಸುವುದು ಕಷ್ಟವಾಗುತ್ತದೆ, ಆದರೂ ಇಬ್ಬರಿಗೂ ಸಾಮಾನ್ಯವಾಗಿರುವ ಕನೆಕ್ಷನ್‌ಗಳು ಕಾಣುತ್ತಲೇ ಇರುತ್ತವೆ. ಪ್ರೊಫೈಲ್‌ನಲ್ಲಿ ವೆರಿಫಿಕೇಶನ್ ಗುರುತು ಇದೆಯೇ ನೋಡಿ. ಭಾರತದಲ್ಲಿ ಡಿಜಿಲಾಕರ್ ಮೂಲಕ ಆಧಾರ್ ಬಳಸಿ ಗುರುತು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇದೆ. ಅದು ಹೇಳುವುದು ಹೆಸರು ನಿಜ ಎಂದಷ್ಟೇ, ಮನುಷ್ಯ ಒಳ್ಳೆಯವನು ಎಂದಲ್ಲ.

ಎಲ್ಲದಕ್ಕೂ ಬ್ಲಾಕ್ ಬೇಕಿಲ್ಲ

ದಿನಕ್ಕೆ ಮೂರು ಬಾರಿ 'ಇಂದು ನಾನು ಕಲಿತ ಪಾಠ' ಹಾಕುವ ಹಳೆಯ ಸಹೋದ್ಯೋಗಿಗೆ 'ಅನ್‌ಫಾಲೋ' ಸಾಕು. ಕನೆಕ್ಷನ್ ಹಾಗೇ ಇರುತ್ತದೆ, ಪೋಸ್ಟ್ ಕಾಣುವುದಿಲ್ಲ, ಅವರಿಗೆ ಗೊತ್ತಾಗುವುದಿಲ್ಲ. ಸಂಬಂಧವೇ ಬೇಡ, ಆದರೆ ಜಗಳವೂ ಬೇಡ ಎನ್ನುವವರಿಗೆ 'ರಿಮೂವ್ ಕನೆಕ್ಷನ್' ಇದೆ, ಅದಕ್ಕೂ ನೋಟಿಫಿಕೇಶನ್ ಹೋಗುವುದಿಲ್ಲ. ಅಪರಿಚಿತರ ರಿಕ್ವೆಸ್ಟ್‌ಗಳೇ ತಲೆನೋವಾದರೆ, ನಿಮ್ಮ ಇಮೇಲ್ ಗೊತ್ತಿದ್ದವರು ಮಾತ್ರ ಕಳುಹಿಸುವಂತೆ ಮಾಡಬಹುದು. ಸ್ವಲ್ಪ ಕಾಲ ಎಲ್ಲರ ಕಣ್ಣಿನಿಂದಲೂ ದೂರ ಇರಬೇಕು ಎನಿಸಿದರೆ ಖಾತೆಯನ್ನು ಅಳಿಸದೆ 'ಹೈಬರ್ನೇಟ್' ಮಾಡುವ ಆಯ್ಕೆ ಅಕೌಂಟ್ ವಿಭಾಗದಲ್ಲಿದೆ.

ಬಾಸ್‌ಗೆ ತಿಳಿಯದಂತೆ ಕೆಲಸ ಹುಡುಕಬಹುದೇ?

ಬ್ಲಾಕ್ ಬಗ್ಗೆ ಕೇಳುವವರಲ್ಲಿ ಇನ್ನೊಂದು ವರ್ಗ ಇದೆ. ಅವರಿಗೆ ಕಾಟ ಕೊಡುವವರಿಲ್ಲ, ಟೀಮ್ ಲೀಡ್ ಕಣ್ಣಿಗೆ ಬೀಳಬಾರದು ಅಷ್ಟೇ. 'ಓಪನ್ ಟು ವರ್ಕ್' ಆನ್ ಮಾಡುವಾಗ ಎಲ್ಲ ಸದಸ್ಯರಿಗೆ ಎಂದು ಆರಿಸಿದರೆ ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತದೆ, ಆಫೀಸಿನವರಿಗೆಲ್ಲ ಡಂಗುರ ಹೊಡೆದ ಹಾಗೆ. 'ರಿಕ್ರೂಟರ್ಸ್ ಓನ್ಲಿ' ಆರಿಸಿದರೆ ಪಟ್ಟಿ ಇರುವುದಿಲ್ಲ, ನಿಮ್ಮದೇ ಕಂಪನಿಯ ನೇಮಕಾತಿ ಸಿಬ್ಬಂದಿಗೆ ಕಾಣದಂತೆ ಮಾಡಲು ಲಿಂಕ್ಡ್‌ಇನ್ ಯತ್ನಿಸುತ್ತದೆ. ಆದರೆ ಪೂರ್ತಿ ಗೌಪ್ಯತೆಗೆ ಖಾತರಿ ಕೊಡಲಾಗದು ಎಂದು ಅದೇ ಹೇಳುತ್ತದೆ. ಹೊರಗಿನ ಏಜೆನ್ಸಿಯ ಒಬ್ಬರು ನಿಮ್ಮ ಎಚ್‌ಆರ್‌ಗೆ ಸ್ನೇಹಿತರಾಗಿದ್ದರೆ ಯಾವ ಸೆಟ್ಟಿಂಗ್ ಕೂಡ ಕಾಪಾಡದು.

ಬಾಸ್‌ನನ್ನೇ ಬ್ಲಾಕ್ ಮಾಡುವುದು ಬುದ್ಧಿವಂತಿಕೆ ಅಲ್ಲ. ನೋಟಿಫಿಕೇಶನ್ ಹೋಗದಿದ್ದರೂ, ನಿನ್ನೆಯವರೆಗೆ ಕಾಣುತ್ತಿದ್ದ ಪ್ರೊಫೈಲ್ ಇಂದು ಕಾಣದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಅದರ ಬದಲು, ಪ್ರೊಫೈಲ್ ತಿದ್ದುವ ಮುನ್ನ ಹುದ್ದೆ, ಓದು ಬದಲಾದಾಗ ನೆಟ್‌ವರ್ಕ್‌ಗೆ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿ. ಇದೂ 'ವಿಸಿಬಿಲಿಟಿ'ಯಲ್ಲೇ ಇದೆ. ನೋಟಿಸ್ ಪೀರಿಯಡ್ ಶುರುವಾಗುವ ಮುನ್ನವೇ ಅಭಿನಂದನೆಗಳು ಬರುವುದು ತಪ್ಪುತ್ತದೆ.

ಇದೇ ಹೊತ್ತಲ್ಲಿ 'ಡೇಟಾ ಪ್ರೈವಸಿ' ವಿಭಾಗಕ್ಕೂ ಹೋಗಿ ಬನ್ನಿ. ಜನರೇಟಿವ್ ಎಐ ಸುಧಾರಣೆಗೆ ನಿಮ್ಮ ಮಾಹಿತಿ ಬಳಸುವ ಸೆಟ್ಟಿಂಗ್ ಅಲ್ಲಿದೆ, ನೀವು ಕೇಳದೆಯೇ ಆನ್ ಆಗಿರುತ್ತದೆ. ಆಫ್ ಮಾಡಿದರೆ ಮುಂದಿನದಕ್ಕೆ ಮಾತ್ರ ಅನ್ವಯ, ಈಗಾಗಲೇ ಬಳಸಿದ್ದಕ್ಕಲ್ಲ.

ಬ್ಲಾಕ್ ಮಾಡಿದರೂ ನಿಲ್ಲದಿದ್ದರೆ?

ಕಾಟ ಕೊಡುತ್ತಿರುವವರು ಸಹೋದ್ಯೋಗಿಯೇ ಆಗಿದ್ದರೆ, 10 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಯಲ್ಲಿ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಮಹಿಳೆಯರು ಲಿಖಿತ ದೂರು ಕೊಡಬೇಕು. ಸಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಹೀಗಾಗಿ 'ಬ್ಲಾಕ್ ಮಾಡಿದ್ದೇನಲ್ಲ, ನೋಡೋಣ' ಎಂದು ದಿನ ತಳ್ಳುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳಿ.

ಪೊಲೀಸ್ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ನಕಲಿ ಕೆಲಸದ ಆಮಿಷಕ್ಕೆ ಬಿದ್ದು 'ನೋಂದಣಿ ಶುಲ್ಕ' ಎಂದು ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹೊರ ರಾಜ್ಯದಲ್ಲಿರುವ ಕನ್ನಡಿಗರಿಗೆ ಸಾಮಾನ್ಯವಾಗಿ ಎದುರಾಗುವ ಗೊಂದಲ ಬೇರೆಯೇ. ನಾನಿರುವುದು ಚೆನ್ನೈನಲ್ಲಿ, ಆತ ಇರುವುದು ಬೆಂಗಳೂರಿನಲ್ಲಿ, ಯಾವ ಠಾಣೆಗೆ ಹೋಗಲಿ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧದ ಮಾಹಿತಿಯನ್ನು, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. 'ಇದು ನಮ್ಮ ವ್ಯಾಪ್ತಿಯಲ್ಲ, ನಿಮ್ಮೂರಿಗೆ ಹೋಗಿ' ಎಂದು ಯಾರಾದರೂ ಹೇಳಿದರೆ ಈ ಸೆಕ್ಷನ್ ಹೆಸರು ಹೇಳಿ. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಮಾಹಿತಿ ಕೊಟ್ಟಿದ್ದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಹೋಗುವಾಗ ಸ್ಕ್ರೀನ್‌ಶಾಟ್‌ಗಳ ಜೊತೆಗೆ, ಬ್ಲಾಕ್ ಮಾಡುವ ಮುನ್ನ ಕಾಪಿ ಮಾಡಿಟ್ಟ ಆ ಪ್ರೊಫೈಲ್ ಲಿಂಕ್ ಕೂಡ ಒಯ್ಯಿರಿ.